ದೊನರ್ ಅಥವಾ ದೊನತರ್: ಫ್ರೆಂಚಿನಲ್ಲಿ 'ದಾನಿ'ಗೆ ಯಾವ ಪದ, ಯಾವಾಗ?

ಕನ್ನಡದಲ್ಲಿ ರಕ್ತ ಕೊಟ್ಟವರೂ ದಾನಿ, ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟವರೂ ದಾನಿ. ಕಣ್ಣು ಕೊಟ್ಟವರು ನೇತ್ರದಾನಿ, ಜಾಗ ಬಿಟ್ಟುಕೊಟ್ಟವರು ಭೂದಾನಿ. ಮುಂದೆ ಏನೇ ಸೇರಿಸಿ, 'ದಾನಿ' ಅಲುಗಾಡುವುದಿಲ್ಲ. ಇಂಗ್ಲಿಷಿನ 'ಡೋನರ್' ಕೂಡ ಹೀಗೆಯೇ. ಈ ಎರಡು ಭಾಷೆಗಳ ಅಭ್ಯಾಸ ಹೊತ್ತು ಫ್ರೆಂಚ್ ಕಲಿಯಲು ಹೋಗುವ ನಾವು ಎಡವುವುದು ಇಲ್ಲೇ. ಫ್ರೆಂಚಿನಲ್ಲಿ ರಕ್ತ ಕೊಟ್ಟವರು 'ದೊನರ್', ಹಣ ಕೊಟ್ಟವರು 'ದೊನತರ್'. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ಕೆಡುತ್ತದೆ.

ಅನುವಾದಕ್ಕೆ ಇಳಿದ ಹೊಸದರಲ್ಲಿ ಹಳ್ಳಿಯ ಶಾಲೆಯೊಂದರ ಪರವಾಗಿ ಫ್ರಾನ್ಸಿನ ಕೆಲವು ಕುಟುಂಬಗಳಿಗೆ ಧನ್ಯವಾದದ ಪತ್ರ ಬರೆದುಕೊಟ್ಟಿದ್ದೆ. ಅವರು ಕಳಿಸಿದ ಹಣದಲ್ಲಿ ಎರಡು ಕೊಠಡಿಗಳಿಗೆ ಹೆಂಚು ಹೊದಿಸಲಾಗಿತ್ತು. 'ನಮ್ಮ ದಾನಿಗಳಿಗೆ' ಎಂಬಲ್ಲಿ ನಾನು ಹಾಕಿದ್ದು 'ದೊನರ್' ಪದ. ಪತ್ರ ಓದಿದ ಹಿರಿಯ ಮಹಿಳೆಯೊಬ್ಬರು ಶಾಲೆಯಲ್ಲಿ ರಕ್ತದಾನ ಶಿಬಿರವೂ ನಡೆಯಿತೇ ಎಂದು ಕೇಳಿ ಬರೆದರು. ಅವರ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹಾಗೆಂದುಕೊಂಡಿದ್ದರು. ಅಂದಿನಿಂದ ಈ ಎರಡು ಪದಗಳು ಎಲ್ಲಿ ಕಂಡರೂ ನಿಂತು ನೋಡುವುದು ರೂಢಿಯಾಗಿದೆ.

ಒಂದು ತದ್ಭವ, ಒಂದು ತತ್ಸಮ

ಎರಡೂ ಲ್ಯಾಟಿನ್ನಿನ 'ದೋನುಮ್' ಬಳಗದವು. ನಮ್ಮ 'ದಾನ' ಆ ಬಳಗದ ದೂರದ ನೆಂಟ. ಸಂಸ್ಕೃತದ 'ದಾ' ಧಾತುವಿಗೂ ಲ್ಯಾಟಿನ್ನಿನ ಕೊಡುವ ಕ್ರಿಯಾಪದಕ್ಕೂ ಮೂಲ ಒಂದೇ. ಆದರೆ ಫ್ರೆಂಚಿನೊಳಗೆ ಇವು ಬಂದ ದಾರಿ ಬೇರೆ ಬೇರೆ. ಲ್ಯಾಟಿನ್ ಮಾತು ಜನರ ಬಾಯಲ್ಲಿ ಸವೆದು 'ದೊನೇ' (ಕೊಡು) ಎಂಬ ಕ್ರಿಯಾಪದವಾಯಿತು. ಅದಕ್ಕೆ ಕರ್ತೃ ಪ್ರತ್ಯಯ ಹಚ್ಚಿದಾಗ 'ದೊನರ್' ಆಯಿತು, ನಾವು 'ಕೊಡು'ವಿನಿಂದ 'ಕೊಡುವವರು' ಮಾಡಿಕೊಂಡಂತೆ. 'ದೊನತರ್' ಹಾಗಲ್ಲ. ಅದನ್ನು ಓದಿದವರು ಲ್ಯಾಟಿನ್ನಿನ 'ದೊನಾತೊರ್' ಪದದಿಂದ ನೇರವಾಗಿ ಎತ್ತಿಕೊಂಡರು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ದೊನರ್ ತದ್ಭವ, ದೊನತರ್ ತತ್ಸಮ. ತತ್ಸಮಗಳು ನಮ್ಮಲ್ಲಿ ಪತ್ರ, ಶಾಸನ, ಕಚೇರಿಗಳ ಕಡೆ ವಾಲುವಂತೆ ದೊನತರ್ ಕೂಡ ಕಾನೂನು, ಸಂಸ್ಥೆ, ರಸೀದಿಗಳ ಕಡೆ ವಾಲಿದೆ.

ಬರೆಯುವಾಗ ಗಮನಿಸಿ: ದೊನರ್‌ಗೆ ಎರಡು 'ಎನ್', ದೊನತರ್‌ಗೆ ಒಂದೇ. ಉಚ್ಚಾರಣೆಯಲ್ಲಿ ಆ ದ್ವಿತ್ವ ಕೇಳಿಸುವುದಿಲ್ಲ. ಮೊದಲಕ್ಷರ ನಮ್ಮ 'ದ'ದಂತೆ ಹಲ್ಲಿಗೆ ನಾಲಗೆ ತಾಗಿಸಿ ಹೇಳುವಂಥದ್ದು, 'ಡ' ಅಲ್ಲ. ಇಲ್ಲಿ ಕನ್ನಡಿಗರಿಗೆ ಶ್ರಮವಿಲ್ಲ. ಶ್ರಮ ಇರುವುದು ಕೊನೆಯ ಸ್ವರದಲ್ಲಿ. 'ಅರ್' ಎಂದು ನಾನು ಬರೆದಿರುವುದು ಅಂದಾಜಿಗೆ ಮಾತ್ರ. 'ಒ' ಹೇಳುವಂತೆ ತುಟಿ ದುಂಡಗೆ ಮಾಡಿಕೊಂಡು 'ಎ' ಹೇಳಿದರೆ ಆ ಸ್ವರ ಹೊರಡುತ್ತದೆ. ಈ ತುಟಿಯ ಮಾತು ಬರೀ ಚೆಂದಕ್ಕಲ್ಲ. ದಾನ ಪಡೆದವರಿಗೆ ಕಾನೂನಿನಲ್ಲಿ 'ದೊನತೇರ್' ಎನ್ನುತ್ತಾರೆ. ತುಟಿ ದುಂಡಾದರೆ ಕೊಟ್ಟವರು, ತುಟಿ ಚಪ್ಪಟೆಯಾದರೆ ಪಡೆದವರು. ದಾನಪತ್ರದ ವಿಷಯವನ್ನು ಫೋನಿನಲ್ಲಿ ಮಾತಾಡುವಾಗ ಇದು ಗೊಂದಲ ಎಬ್ಬಿಸಬಹುದು, ಅನುಮಾನ ಬಂದರೆ ಬರೆದು ಕಳಿಸಿ.

ಸ್ತ್ರೀಲಿಂಗದಲ್ಲೂ ದಾರಿ ಬೇರೆಯಾಗುತ್ತದೆ. ದೊನರ್ ಬದುಕಿರುವ ಕ್ರಿಯಾಪದದಿಂದ ಹುಟ್ಟಿದ್ದರಿಂದ, ಹಾಡುಗಾರ 'ಶಾಂತರ್' ಹಾಡುಗಾರ್ತಿ 'ಶಾಂತಜ್' ಆಗುವಂತೆ, 'ದೊನಜ್' ಆಗುತ್ತದೆ. ದೊನತರ್ ಲ್ಯಾಟಿನ್ ಸಂಪ್ರದಾಯದಂತೆ 'ದೊನತ್ರೀಸ್' ಆಗುತ್ತದೆ.

ಮೈಯಿಂದ ಕೊಟ್ಟರೆ ದೊನರ್

ರಕ್ತ, ಪ್ಲಾಸ್ಮಾ, ಮೂತ್ರಪಿಂಡ, ಅಸ್ಥಿಮಜ್ಜೆ, ವೀರ್ಯ, ಅಂಡಾಣು, ಎದೆಹಾಲು: ದೇಹದಿಂದ ಹೊರಟದ್ದು ಯಾವುದಾದರೂ ಕೊಟ್ಟವರು ದೊನರ್, ಹೆಣ್ಣಾದರೆ ದೊನಜ್. ರಕ್ತದಾನಿ 'ದೊನರ್ ದ ಸಾಂ', ಅಂಗಾಂಗ ದಾನಿ 'ದೊನರ್ ದೊರ್ಗಾನ್'. ಒ ನೆಗೆಟಿವ್ ರಕ್ತದವರು 'ದೊನರ್ ಯುನಿವೆರ್ಸೆಲ್', ಸಾರ್ವತ್ರಿಕ ದಾನಿ. ಇವರಿಂದ ಪಡೆಯುವವರು 'ರಸ್ವರ್', ದೊನತೇರ್ ಅಲ್ಲ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14ರಂದು ಆಚರಿಸುವ ವಿಶ್ವ ರಕ್ತದಾನಿಗಳ ದಿನದ ಫ್ರೆಂಚ್ ಹೆಸರಿನಲ್ಲಿಯೂ ಇರುವುದು ದೊನರ್ ಪದವೇ.

ಫ್ರಾನ್ಸಿನಲ್ಲಿ ರಕ್ತ ಸಂಗ್ರಹದ ಹೊಣೆ ಹೊತ್ತಿರುವುದು 2000ದಲ್ಲಿ ಆರಂಭವಾದ ಎತಬ್ಲಿಸ್ಮಾಂ ಫ್ರಾಂಸೇ ದ್ಯು ಸಾಂ ಎಂಬ ಸರ್ಕಾರಿ ಸಂಸ್ಥೆ. 18ರಿಂದ 70 ವರ್ಷದೊಳಗಿನ, ಕನಿಷ್ಠ 50 ಕಿಲೋ ತೂಗುವವರು ಕೊಡಬಹುದು. ಗಂಡಸರು ವರ್ಷಕ್ಕೆ 6 ಸಲ, ಹೆಂಗಸರು 4 ಸಲ. ಹಣ ಕೊಡುವುದಿಲ್ಲ, ಯಾರ ರಕ್ತ ಯಾರಿಗೆ ಹೋಯಿತೆಂದು ಹೇಳುವುದೂ ಇಲ್ಲ. ಅಂಗಾಂಗ ದಾನದಲ್ಲಿ 1976ರ ಡಿಸೆಂಬರ್ 22ರ ಕಯಾವೆ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬದುಕಿದ್ದಾಗ ಬೇಡವೆಂದು ಹೇಳದೆ ತೀರಿಕೊಂಡವರೆಲ್ಲ ಅಲ್ಲಿ ದೊನರ್ ಆಗಲು ಒಪ್ಪಿದವರೆಂದೇ ಲೆಕ್ಕ. ಬೇಡವೆನ್ನುವವರಿಗೆ ರಾಷ್ಟ್ರಮಟ್ಟದ ನಿರಾಕರಣೆಯ ದಾಖಲಾತಿ ಇದೆ. ನಮ್ಮಲ್ಲಿ ದಾನಿಯಾಗಲು ಹೆಸರು ನೋಂದಾಯಿಸುತ್ತೇವೆ, ಅಲ್ಲಿ ಆಗದಿರಲು ನೋಂದಾಯಿಸಬೇಕು. ಆದ್ದರಿಂದ ಈ ವಿಷಯದ ಫ್ರೆಂಚ್ ಬರಹವನ್ನು ಕನ್ನಡಕ್ಕೆ ತರುವಾಗ 'ದೊನರ್' ಪದಕ್ಕೆ 'ಹೆಸರು ನೋಂದಾಯಿಸಿದ ದಾನಿ' ಎಂದು ಬರೆದರೆ ತಪ್ಪಾಗುತ್ತದೆ.

ಮೈಯಿಂದ ಕೊಟ್ಟವರಿಗೆ ಬೇರೆಯೇ ಪದ ಯಾಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಫ್ರಾನ್ಸಿನ ಸಿವಿಲ್ ಸಂಹಿತೆಯ 16-1ನೇ ವಿಧಿಯನ್ನು. 1994ರಲ್ಲಿ ಸೇರಿದ ಈ ವಿಧಿಯ ಪ್ರಕಾರ ಮನುಷ್ಯನ ದೇಹ, ಅದರ ಭಾಗಗಳು, ಅದರಿಂದ ಬಂದದ್ದು ಯಾವುದೂ ಸ್ವತ್ತಿನ ಹಕ್ಕಿಗೆ ಒಳಪಡುವಂತಿಲ್ಲ. ಪದಗಳ ನಡುವಿನ ಭೇದ ಈ ಕಾನೂನಿನಿಂದ ಹುಟ್ಟಿದ್ದಲ್ಲ. ಆದರೆ ಭಾಷೆ ಹಿಡಿದಿದ್ದ ಗೆರೆಯ ಮೇಲೆಯೇ ಕಾನೂನೂ ನಿಂತಿದೆ. ದೊನತರ್ ಕೊಡುವುದು ತನ್ನ ಆಸ್ತಿಯನ್ನು. ದೊನರ್ ಕೊಡುವುದು ಆಸ್ತಿ ಎಂದು ಕರೆಯಲೂ ಬಾರದ್ದನ್ನು. ಈ ಒಂದು ಗೆರೆ ಮನಸ್ಸಿನಲ್ಲಿದ್ದರೆ ಅರ್ಧಕ್ಕಿಂತ ಹೆಚ್ಚು ಕಡೆ ಪದದ ಆಯ್ಕೆ ತಾನಾಗಿಯೇ ಆಗುತ್ತದೆ.

ಮಕ್ಕಳಿಲ್ಲದವರಿಗೆ ವೀರ್ಯ ಅಥವಾ ಅಂಡಾಣು ಕೊಡುವ ಮೂರನೆಯ ವ್ಯಕ್ತಿಗೆ 'ತಿಯೇರ್ ದೊನರ್' ಎನ್ನುತ್ತಾರೆ. 2021ರ ಆಗಸ್ಟ್ 2ರ ಜೀವನೀತಿ ಕಾನೂನು ಬಂದ ಮೇಲೆ, ಹೀಗೆ ಹುಟ್ಟಿದ ಮಗು ಹದಿನೆಂಟಾದಾಗ ದಾನಿ ಯಾರೆಂದು ತಿಳಿಯಬಹುದು. ಪತ್ರಿಕೆಗಳಲ್ಲಿ ಈ ಮಾತು ಈಗ ಹೆಚ್ಚಾಗಿ ಬರುತ್ತದೆ. ಇಲ್ಲಿ 'ದೊನತರ್' ಎಂದರೆ ಆ ಆಸ್ಪತ್ರೆಗೆ ಹಣ ಕೊಟ್ಟವರು ಎಂದಾಗುತ್ತದೆ.

ದೊನರ್‌ನ ಬೇರೆ ಮುಖಗಳು

ದೊನರ್ ಎಂದೊಡನೆ ಫ್ರೆಂಚರ ಕಿವಿ 'ಏನನ್ನು?' ಎಂದು ಕೇಳುತ್ತದೆ. ಆ ಪದಕ್ಕೆ ಮುಂದೊಂದು ಆಸರೆ ಬೇಕು. ಆಸರೆ ಬದಲಾದಂತೆ ಅರ್ಥವೂ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಇಸ್ಪೀಟಿನಲ್ಲಿ ಎಲೆ ಹಂಚುವವರು ದೊನರ್. ಸಿಲಿಕಾನ್‌ಗೆ ಬೆರೆಸಿದ ರಂಜಕದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಅದೂ ದೊನರ್. ಬೆಂಗಳೂರಿನಲ್ಲಿ ಕೂತು ಫ್ರೆಂಚ್ ಕಂಪನಿಗಳ ಕೆಲಸ ಮಾಡುವವರಿಗೆ ಹೆಚ್ಚು ಎದುರಾಗುವುದು 'ದೊನರ್ ದೋರ್ದ್ರ್'. ಪದಕ್ಕೆ ಪದ ಇಟ್ಟರೆ 'ಆದೇಶದಾನಿ' ಎಂದಾಗುತ್ತದೆ, ಅದು ಅನರ್ಥ. ಕೆಲಸ ಒಪ್ಪಿಸುವ ಕಂಪನಿ, ನಮ್ಮ ಮಾತಿನಲ್ಲಿ ಆರ್ಡರ್ ಕೊಡುವವರು, ಎಂಬುದು ಸರಿ. ಬ್ಯಾಂಕಿನ ಕಾಗದದಲ್ಲಿ ಇದೇ ಮಾತು ಇದ್ದರೆ ಹಣ ವರ್ಗಾಯಿಸಲು ಹೇಳಿದ ಖಾತೆದಾರರು. ಎರಡು ಕಡೆಯೂ ದಾನದ ಸುಳಿವಿಲ್ಲ.

2013ರಲ್ಲಿ ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು ಸಾವಿರಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತರು. ಆ ದುರಂತದ ನೆನಪಿನ ನೆರಳಲ್ಲಿ ಫ್ರಾನ್ಸ್ 2017ರ ಮಾರ್ಚ್ 27ರಂದು ದೊಡ್ಡ ಕಂಪನಿಗಳಿಗೆ ತಮ್ಮ ಪೂರೈಕೆದಾರರ ಮೇಲೂ ನಿಗಾ ಇಡುವ ಹೊಣೆ ಹೊರಿಸುವ ಕಾನೂನು ತಂದಿತು. ಅದರ ಹೆಸರಿನಲ್ಲೇ 'ಆಂತ್ರೆಪ್ರೀಜ್ ದೊನಜ್ ದೋರ್ದ್ರ್' ಎಂಬ ಮಾತಿದೆ. 'ಕಂಪನಿ' ಎಂಬ ಪದ ಫ್ರೆಂಚಿನಲ್ಲಿ ಸ್ತ್ರೀಲಿಂಗವಾದ್ದರಿಂದ 'ದೊನಜ್' ಆಗಿದೆ, ಅಷ್ಟೇ. ಯುರೋಪಿಗೆ ಬಟ್ಟೆ ಹೊಲಿದು ಕಳಿಸುವ ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ತಟ್ಟುವ ವಿಷಯವಿದು. ಇದನ್ನು ಕನ್ನಡದಲ್ಲಿ ಬರೆಯುವವರು 'ದಾನಿ ಕಂಪನಿ' ಎಂದು ದಯವಿಟ್ಟು ಬರೆಯಬೇಡಿ. ದುಡಿಸಿಕೊಳ್ಳುವವರನ್ನು ದಾನಿ ಎಂದು ಕರೆದಂತಾಗುತ್ತದೆ.

'ದೊನರ್ ದ ಲಸೋಂ' ಎಂದರೆ ಕೇಳದಿದ್ದರೂ ಉಪದೇಶ ಮಾಡುವವರು. ಹೊಗಳಿಕೆಯಲ್ಲ. ಇನ್ನೂ ಎಚ್ಚರ ಬೇಕಾದದ್ದು ಆಸರೆಯಿಲ್ಲದ ಒಂಟಿ 'ದೊನಜ್'. ಆಡುಮಾತಿನಲ್ಲಿ 'ಒಬ್ಬರನ್ನು ಕೊಡುವುದು' ಎಂದರೆ ಪೊಲೀಸರಿಗೆ ಹಿಡಿದುಕೊಡುವುದು. ನಮ್ಮ 'ಹಿಡಿದುಕೊಡು'ವಿನಲ್ಲೂ ಕೂತಿರುವುದು ಅದೇ 'ಕೊಡು'. ಹಾಗೆ ಹಿಡಿದುಕೊಟ್ಟವರನ್ನು, ಗಂಡಸಾದರೂ ಸರಿ, 'ದೊನಜ್' ಎಂದು ಬೈಯುತ್ತಾರೆ. ರಕ್ತದಾನ ಮಾಡಿದ ಮಹಿಳೆಯ ಬಗ್ಗೆ ಬರೆಯುವಾಗ ಮೊದಲ ಸಲವಾದರೂ 'ದೊನಜ್ ದ ಸಾಂ' ಎಂದು ಪೂರ್ತಿ ಬರೆಯಿರಿ.

ಆಸ್ತಿಯಿಂದ ಕೊಟ್ಟರೆ ದೊನತರ್

ದೊನತರ್‌ಗೆ ಆಸರೆ ಬೇಡ. ಒಂಟಿಯಾಗಿ ನಿಂತರೂ ಹಣ, ಜಮೀನು, ಕಟ್ಟಡ, ಚಿತ್ರ, ಪುಸ್ತಕ ಇಂಥದ್ದನ್ನು ಕೊಟ್ಟವರೆಂದು ಸ್ಪಷ್ಟ. ಇಲ್ಲಿ ಕೇಳುವ ಪ್ರಶ್ನೆ 'ಏನನ್ನು?' ಅಲ್ಲ, 'ಯಾರಿಗೆ?'.

ಕಾನೂನಿನಲ್ಲಿ ಇದರ ನೆಲೆ ಸಿವಿಲ್ ಸಂಹಿತೆಯ 894ನೇ ವಿಧಿ. ದೊನತರ್ ತಾನು ಕೊಟ್ಟ ವಸ್ತುವನ್ನು ಆ ಗಳಿಗೆಯಲ್ಲೇ, ಹಿಂತೆಗೆದುಕೊಳ್ಳಲಾಗದಂತೆ, ತನ್ನಿಂದ ಕಳಚಿ, ಒಪ್ಪಿಕೊಂಡ ದೊನತೇರ್‌ಗೆ ಬಿಡುತ್ತಾನೆ ಎಂಬುದು ಅದರ ಸಾರ. 'ಕೊಡುತ್ತಾನೆ' ಎಂದು ಹೇಳಿ ಮುಗಿಸದೆ, ಬಟ್ಟೆ ಕಳಚುವುದಕ್ಕೂ ಬಳಸುವ ಕ್ರಿಯಾಪದವನ್ನು ಆ ವಿಧಿ ಬಳಸಿದೆ. ಓದಿದಾಗಲೆಲ್ಲ ನನಗೆ ಆ ಪದ ತಟ್ಟುತ್ತದೆ. ಇಂಥ ದಾನಕ್ಕೆ ನೊತೇರ್ ಎಂಬ ಕಾನೂನು ಅಧಿಕಾರಿಯ ಮುಂದೆ ಪತ್ರವಾಗಬೇಕು. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122 ಮತ್ತು 123ನೇ ಕಲಂಗಳು ಇದೇ ಕೆಲಸ ಮಾಡುತ್ತವೆ: ಪಡೆಯುವವರು ಒಪ್ಪಬೇಕು, ಸ್ಥಿರಾಸ್ತಿಯಾದರೆ ದಾನಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಲ್ಲಿನ ನೊತೇರ್ ಅವರನ್ನು ನಮ್ಮ ಕೋರ್ಟಿನ ಬಳಿ ಮುದ್ರೆ ಒತ್ತುವ ನೋಟರಿ ಎಂದು ತಿಳಿಯಬೇಡಿ, ಅವರ ಕೆಲಸ ಹೆಚ್ಚು ದೊಡ್ಡದು. ದಾನಪತ್ರವಿಲ್ಲದೆ ಕೈಯಿಂದ ಕೈಗೆ ಕೊಟ್ಟರೂ, ಚೆಕ್ ಬರೆದರೂ ಕೊಟ್ಟವರು ದೊನತರ್‌ಗಳೇ. ಆ ಕೊಡುಗೆಗೆ 'ದೋಂ ಮನುಯೆಲ್' ಎಂದು ಹೆಸರು.

ಈ ಪದದ ಗಾಂಭೀರ್ಯ ತಿಳಿಯಬೇಕಾದರೆ ಬರ್ಗಂಡಿಯ ಬೋನ್ ಊರಿನ ಆಸ್ಪತ್ರೆಯ ಕಥೆ ನೋಡಬೇಕು. 1443ರಲ್ಲಿ ಚಾನ್ಸಲರ್ ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೊನ್ ದ ಸಾಲಾಂ ಬಡವರಿಗಾಗಿ ಅದನ್ನು ಕಟ್ಟಿಸಿದರು. ಅಲ್ಲಿಗಾಗಿ ರೊಗಿಯರ್ ವಾನ್ ಡೆರ್ ವೇಡನ್ ಬರೆದ ಅಂತಿಮ ತೀರ್ಪಿನ ಚಿತ್ರಫಲಕದ ಹೊರಬದಿಯಲ್ಲಿ ಇಬ್ಬರೂ ಮಂಡಿಯೂರಿ ಕೈಮುಗಿದಿದ್ದಾರೆ. ಹೀಗೆ ಚಿತ್ರದೊಳಗೆ ಬರುವ, ಚಿತ್ರ ಬರೆಸಿದ ಭಕ್ತರನ್ನು ಕಲೆಯ ಇತಿಹಾಸಕಾರರು ದೊನತರ್, ದೊನತ್ರೀಸ್ ಎಂದೇ ಕರೆಯುತ್ತಾರೆ. ಮುಂದಿನ ಶತಮಾನಗಳಲ್ಲಿ ಜನ ಆ ಆಸ್ಪತ್ರೆಗೆ ದ್ರಾಕ್ಷಿತೋಟಗಳನ್ನು ಬಿಟ್ಟುಕೊಟ್ಟರು. ಅವುಗಳ ವೈನನ್ನು 1859ರಿಂದ ನವೆಂಬರ್‌ನಲ್ಲಿ ಹರಾಜು ಹಾಕುತ್ತಾ ಬಂದಿದ್ದಾರೆ, ಹಲವು ವೈನ್‌ಗಳಿಗೆ ದಾನಿಗಳ ಹೆಸರೇ ಇದೆ. ದೇವಸ್ಥಾನಕ್ಕೆ ಬಿಟ್ಟ ದತ್ತಿ ಗದ್ದೆಯ ಹೆಸರು, ಕೊಟ್ಟವರ ಹೆಸರು ಕಲ್ಲಿನ ಮೇಲೆ ಕೊರೆದ ದಾನಶಾಸನ ಕಂಡ ನಮಗೆ ಇದು ಅಪರಿಚಿತವೇನಲ್ಲ. ಆ ಶಾಸನಗಳಲ್ಲಿ ಬರುವ ದಾನಿಯನ್ನು ಫ್ರೆಂಚಿಗೆ ತಂದರೆ ದೊನತರ್ ಎಂದೇ ತರಬೇಕು.

ಹಾಗೆಂದು ದೊನತರ್ ಸಿರಿವಂತರ ಪದವಲ್ಲ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಹೊತ್ತಿ ಉರಿದ ಮೇಲೆ ಸುಮಾರು 150 ದೇಶಗಳ 3,40,000 ಜನ ಹಣ ಕಳಿಸಿದರು. ಕೋಟಿಗಳ ಉದ್ಯಮಪತಿಗಳೂ ಹತ್ತು ಯೂರೋ ಕಳಿಸಿದವರೂ ಒಂದೇ ಹೆಸರಿನಡಿ ನಿಂತರು. ಹಾಸ್ಯನಟ ಕೊಲೂಶ್ 1985ರಲ್ಲಿ ಆರಂಭಿಸಿದ ರೆಸ್ತೊ ದ್ಯು ಕರ್ ಅನ್ನಛತ್ರಗಳಿಗೆ ಕೊಡುವವರೂ, ಪಾದ್ರಿ ಅಬ್ಬೇ ಪಿಯೆರ್ 1949ರಲ್ಲಿ ಬಡವರಿಗಾಗಿ ಕಟ್ಟಿದ ಎಮಾಯುಸ್ ಸಂಸ್ಥೆಗೆ ಹಳೆಯ ಬೀರು, ಬಟ್ಟೆ ಕೊಡುವವರೂ ದೊನತರ್‌ಗಳೇ. ತೆರಿಗೆ ಕಾಗದದಲ್ಲಿಯೂ ಇದೇ ಪದ: ಸಾಮಾನ್ಯವಾಗಿ ಕೊಟ್ಟ ಹಣದ ಶೇ. 66ರಷ್ಟು, ಹಸಿದವರಿಗೆ ಅನ್ನ-ಆಸರೆ ಕೊಡುವ ಸಂಸ್ಥೆಗಾದರೆ ನಿಗದಿತ ಮಿತಿಯವರೆಗೆ ಶೇ. 75ರಷ್ಟು, ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತದೆ.

ಪಕ್ಕದ ಮನೆಯ ಪದಗಳು

ಕೆಲವು ಸಲ ಎರಡೂ ಸರಿಹೋಗುವುದಿಲ್ಲ. ಉಯಿಲಿನ ಮೂಲಕ, ಸತ್ತ ಮೇಲೆ ಸಿಗುವಂತೆ ಕೊಟ್ಟವರು ಕಾನೂನಿನಲ್ಲಿ ದೊನತರ್ ಅಲ್ಲ, 'ತೆಸ್ತತರ್'. ಮೋಯಿಸ್ ದ ಕಾಮೋಂದೊ ಮೊದಲನೆಯ ಮಹಾಯುದ್ಧದಲ್ಲಿ 1917ರಲ್ಲಿ ಮಡಿದ ಮಗ ನಿಸ್ಸಿಮ್‌ನ ಹೆಸರಿನಲ್ಲಿ ಪ್ಯಾರಿಸ್ಸಿನ ತನ್ನ ಮನೆಯನ್ನೂ ಸಂಗ್ರಹವನ್ನೂ ಉಯಿಲಿನಲ್ಲಿ ಬಿಟ್ಟು 1935ರಲ್ಲಿ ತೀರಿಕೊಂಡ. ಅವನನ್ನು ಮಾತಿನಲ್ಲಿ ದೊನತರ್ ಎಂದರೆ ಯಾರೂ ಆಕ್ಷೇಪಿಸಲಾರರು. ವಕೀಲರ ಕಾಗದದಲ್ಲಿ ಬರೆಯುವಂತಿಲ್ಲ.

'ಬ್ಯಾಂಫೆತರ್' ಎಂದರೆ ಉಪಕಾರಿ, ಒಳಿತು ಮಾಡಿದವರು. ಹಣವೇ ಕೊಟ್ಟಿರಬೇಕೆಂದಿಲ್ಲ. ಸಂಘಗಳಲ್ಲಿ ಮಾಮೂಲಿ ಚಂದಾಕ್ಕಿಂತ ಹೆಚ್ಚು ಕಟ್ಟುವ ಸದಸ್ಯರಿಗೂ ಈ ಹೆಸರಿದೆ, ನಮ್ಮ ಸಂಘಗಳ ಪೋಷಕ ಸದಸ್ಯರಂತೆ. ಕಲೆ, ಸಾಹಿತ್ಯ, ಸಂಶೋಧನೆಗೆ ಬೆನ್ನಾಗಿ ನಿಂತವರು 'ಮೆಸೆನ್'. ವರ್ಜಿಲ್, ಹೊರೇಸರನ್ನು ಪೊರೆದ ರೋಮಿನ ಮೆಸೆನಾಸನ ಹೆಸರೇ ಪದವಾಗಿದೆ. ನಮ್ಮ 'ಆಶ್ರಯದಾತ' ಇದಕ್ಕೆ ಹತ್ತಿರ. 2003ರ ಆಗಸ್ಟ್ 1ರ ಕಾನೂನು ಕಂಪನಿಗಳ ಇಂಥ ಕೊಡುಗೆಗೆ ಶೇ. 60ರ ತೆರಿಗೆ ರಿಯಾಯಿತಿ ಕೊಟ್ಟ ಮೇಲೆ, ಕಂಪನಿ ಕೊಟ್ಟರೆ ಮೆಸೆನ್, ಮನೆಮಂದಿ ಕೊಟ್ಟರೆ ದೊನತರ್ ಎಂಬ ವಾಡಿಕೆ ಬಲವಾಗಿದೆ. ಹಣವಲ್ಲದೆ ಸಮಯ, ಶ್ರಮ ಕೊಟ್ಟವರು 'ಬೆನೆವೊಲ್', ಸ್ವಯಂಸೇವಕರು. 'ಸಮಯದಾನಿ' ಎಂದು ಹೊಸೆಯಲು ಹೋಗಬೇಡಿ.

'ಬಯರ್ ದ ಫೋಂ' ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. 'ಬಯೇ' ಎಂಬುದೂ ಹಿಂದೆ 'ಕೊಡು' ಎಂಬರ್ಥದ ಕ್ರಿಯಾಪದವಾಗಿತ್ತು, ಈಗ ಹೆಚ್ಚಾಗಿ ಉಳಿದಿರುವುದು ಬಾಡಿಗೆಗೆ ಕೊಡುವ ಮಾಲೀಕನ ಹೆಸರಿನಲ್ಲಿ ಮತ್ತು ಈ ನುಡಿಗಟ್ಟಿನಲ್ಲಿ. ಯೋಜನೆಗೆ ಬಂಡವಾಳ ಒದಗಿಸುವ ಸಂಸ್ಥೆ ಬಯರ್ ದ ಫೋಂ. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎ.ಎಫ್.ಡಿ. ನಮ್ಮ ಮೆಟ್ರೊಗೆ ಹಣ ಒದಗಿಸಿದೆ. ಅದು ಸಾಲ, ತೀರಿಸಬೇಕಾದದ್ದು. ಇಂಗ್ಲಿಷ್ ವರದಿಗಳಲ್ಲಿ ಇಂಥ ಸಂಸ್ಥೆಗಳನ್ನೂ 'ಡೋನರ್' ಎನ್ನುವ ರೂಢಿಯಿದೆ, ಅದನ್ನು ನೋಡಿ ಫ್ರೆಂಚಿನಲ್ಲಿ ದೊನತರ್ ಎಂದರೆ ಸಾಲ ಕೊಟ್ಟವರನ್ನು ಧರ್ಮಕ್ಕೆ ಕೊಟ್ಟವರನ್ನಾಗಿ ಮಾಡಿದಂತೆ. ಕನ್ನಡದ ಸುದ್ದಿಗೂ ಇದೇ ಮಾತು ಅನ್ವಯಿಸುತ್ತದೆ. 'ದಾನಿ ಸಂಸ್ಥೆ' ಎಂದು ಬರೆಯುವ ಮುನ್ನ ಅದು ಸಾಲವೋ ಅನುದಾನವೋ ನೋಡಿಕೊಳ್ಳಿ.

ಬರೆಯಲು ಕೂತಾಗ

ಒಂದೇ ಪತ್ರದಲ್ಲಿ ಇಬ್ಬರೂ ಬರುವ ಸಂದರ್ಭ ಇದೆ. ರಕ್ತದಾನ ಶಿಬಿರ ನಡೆಯಿತು, ಊರಿನ ಅಂಗಡಿಯವರು ಹಣ್ಣು-ಬಿಸ್ಕತ್ತಿನ ಖರ್ಚು ಹೊತ್ತರು ಎಂದುಕೊಳ್ಳಿ. ರಕ್ತ ಕೊಟ್ಟವರಿಗೆ ದೊನರ್ ದ ಸಾಂ, ಅಂಗಡಿಯವರಿಗೆ ದೊನತರ್ ಎಂದು ಬೇರೆ ಬೇರೆ ವಾಕ್ಯದಲ್ಲಿ ಕೃತಜ್ಞತೆ ಹೇಳಿ. ಕನ್ನಡದಲ್ಲಿ 'ಎಲ್ಲ ದಾನಿಗಳಿಗೂ' ಎಂದು ಒಟ್ಟಿಗೆ ಮುಗಿಸುವಂತೆ ಅಲ್ಲಿ ಮುಗಿಸಲಾಗದು. ಕೊಟ್ಟದ್ದು ಯಾವ ಬಗೆಯದೆಂದು ನಿಮಗೇ ತಿಳಿಯದಿದ್ದರೆ, 'ಯಾರು ಕೊಟ್ಟರೋ ಅವರು' ಎಂದು ಕ್ರಿಯಾಪದದಲ್ಲಿ ಹೇಳಿಬಿಡಿ. ಸರಳ 'ದೊನೇ' ಎರಡು ಕಡೆಗೂ ಸಲ್ಲುತ್ತದೆ.

ಒಂದು ಬಳಕೆಯಲ್ಲಿ ಮಾತ್ರ ಎರಡರ ನಡುವಿನ ದೂರ ನನಗೆ ಪೂರ್ತಿ ಕಂಡಿತು. ಫ್ರಾನ್ಸಿನಲ್ಲಿ ತೀರಿಕೊಂಡವರ ಹೃದಯವೋ ಯಕೃತ್ತೋ ಪಡೆದು ಬದುಕಿದವರಿಗೆ ಆ ಮನೆಯವರ ಹೆಸರು ತಿಳಿಯುವಂತಿಲ್ಲ. ಆದರೆ ಆಸ್ಪತ್ರೆಯ ತಂಡದ ಕೈಗೆ ಹೆಸರಿಲ್ಲದ ಪತ್ರವೊಂದನ್ನು ಕೊಡಬಹುದು, ಅವರು ತಲುಪಿಸುತ್ತಾರೆ. ಅಂಥ ಪತ್ರ ಬರೆಯುವವರು ಸತ್ತವರನ್ನು ಕರೆಯುವುದು 'ಮೋಂ ದೊನರ್' ಎಂದು, 'ನನ್ನ ದೊನರ್'. ಹೆಸರು, ಊರು, ವಯಸ್ಸು ಯಾವುದೂ ತಿಳಿಯದ ಒಬ್ಬರನ್ನು ಅಣ್ಣ, ಅಮ್ಮ ಎಂದಂತೆ 'ನನ್ನ' ಎನ್ನಲು ಈ ಪದ ಬಿಡುತ್ತದೆ. ಅಲ್ಲಿ 'ದೊನತರ್' ಇಟ್ಟು ಓದಿ ನೋಡಿ.